ದೂರ ಕೂತ ತಂಡದಲ್ಲಿ ಹಾಡು ಹಂಚಿಕೊಳ್ಳಲು ಮೂರು ದಾರಿ: ನಮ್ಮಲ್ಲಿ ಯಾವುದು ಉಳಿಯಿತು?

ನಮ್ಮ ತಂಡದಲ್ಲಿ ಒಂಬತ್ತು ಜನ. ನಾನು ಧಾರವಾಡದಲ್ಲಿ, ಉಳಿದವರು ಬೆಂಗಳೂರು, ಪುಣೆ, ಕೊಚ್ಚಿಯಲ್ಲಿ. ಒಂದೇ ಆಫೀಸಿನಲ್ಲಿದ್ದಾಗ ಪಕ್ಕದವರ ಇಯರ್‌ಫೋನಿನ ಒಂದು ತುದಿ ಇಸಿದುಕೊಂಡು ಹಾಡು ಕೇಳುತ್ತಿದ್ದೆವು. ಆ ಖುಷಿ ಮತ್ತೆ ಬೇಕೆನಿಸಿ, ಒಂದು ವರ್ಷದಿಂದ ಮೂರು ದಾರಿ ಹಿಡಿದು ನೋಡಿದ್ದೇವೆ.

ಮೊದಲು, ಚಾಟ್‌ನಲ್ಲಿ ಹಾಡಿಗೆಂದೇ ಒಂದು ಗುಂಪು. ಮೊದಲ ವಾರ ಲಿಂಕುಗಳ ಸುರಿಮಳೆ, ಮೂರನೇ ತಿಂಗಳಿಗೆ ಹಾಕುವವರು ಇಬ್ಬರೇ. ಬರೀ ಲಿಂಕ್ ಹಾಕಿದರೆ ಅದನ್ನು ಯಾಕೆ ಕೇಳಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ.

ಎರಡನೆಯದು, ಎಲ್ಲರೂ ಸೇರಿಸಬಹುದಾದ ಪ್ಲೇಲಿಸ್ಟ್. ಕೆಲಸದ ಹಿನ್ನೆಲೆಗೆ ಚೆಂದ, ಈಗಲೂ ಹಾಕಿಕೊಳ್ಳುತ್ತೇನೆ. ಮಾತು ಮಾತ್ರ ಹುಟ್ಟಲಿಲ್ಲ.

ಮೂರನೆಯದು, ಒಟ್ಟಿಗೆ ಕೂತು ಕೇಳುವುದು. ಹಾಡಿನ ಆ್ಯಪ್ ಸ್ಪಾಟಿಫೈ 2023ರಲ್ಲಿ ತಂದ, ಒಟ್ಟಿಗೆ ಕೇಳುವ ಸೌಲಭ್ಯವಾದ ಜಾಮ್‌ನಲ್ಲಿ 32 ಜನರವರೆಗೆ ಸೇರಬಹುದು, ಆದರೆ ನಾವು ನೋಡಿದಾಗ ದೂರದಿಂದ ಸೇರುವವರಿಗೆ ಹಣ ಕಟ್ಟುವ ಪ್ರೀಮಿಯಂ ಚಂದಾ ಬೇಕಿತ್ತು. ನಮ್ಮಲ್ಲಿ ಅದಿದ್ದದ್ದು ನಾಲ್ವರಿಗೆ. ಹಾಗಾಗಿ ಶುಕ್ರವಾರ ಸಂಜೆಯ ವಿಡಿಯೊ ಕರೆಯನ್ನೇ ಬಳಸಿದೆವು.

ಮೊದಲ ಸಲ ಫೋನಿನ ಸ್ಪೀಕರನ್ನು ಮೈಕಿನ ಹತ್ತಿರ ಹಿಡಿದು, ಹಿಂದೂಸ್ತಾನಿ ಗಾಯನದ ಪ್ರಕಾರವಾದ ಖಯಾಲ್ ಒಂದನ್ನು ಹಾಕಿದೆ. ಹಾಡುವ ದನಿ ತುಂಡು ತುಂಡಾಗಿ ಹೋಯಿತು, ತಂಬೂರಿಯಂತೂ ಮಾಯ! ಕರೆಯ ಆ್ಯಪಿನಲ್ಲಿರುವ, ಹಿನ್ನೆಲೆ ಸದ್ದು ತಗ್ಗಿಸುವ ಸೌಲಭ್ಯ ಫ್ಯಾನಿನ ಮೊರೆತವನ್ನು ಅಳಿಸುವಂತೆ, ಒಂದೇ ಸಮ ಮೀಟುವ ತಂಬೂರಿಯನ್ನೂ ಅಳಿಸಿಬಿಡುತ್ತದೆ. ಮೈಕ್ ಬಿಟ್ಟು, ಸ್ಕ್ರೀನ್ ಹಂಚುವಾಗ ಕಂಪ್ಯೂಟರಿನ ಧ್ವನಿಯನ್ನೂ ಹಂಚುವ ಆಯ್ಕೆಗೆ ಟಿಕ್ ಹಾಕಿದ ಮೇಲೆ ತಂಬೂರಿ ಮರಳಿ ಬಂತು.

ಇನ್ನೊಂದು ಪಾಠವೂ ಆಯಿತು. ನಲವತ್ತು ನಿಮಿಷದ ಖಯಾಲ್ ಹೊಸಬರಿಗೆ ಭಾರ. ಹಳೆಯ ಗ್ರಾಮಫೋನಿನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದೇ ಸುಮಾರು ಮೂರು ನಿಮಿಷ. ಆ ಕಾಲದ ಗಾಯಕರು ರಾಗದ ಜೀವವನ್ನು ಅಷ್ಟರೊಳಗೇ ಹಿಂಡಿ ಕೊಡುತ್ತಿದ್ದರು. ನಮ್ಮ ಶುಕ್ರವಾರಕ್ಕೆ ಹೇಳಿ ಮಾಡಿಸಿದ ಅಳತೆ ಅದು.

ಹೀಗೇ ಒಂದು ದಿನ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಎರಡು ಧ್ವನಿಮುದ್ರಣ ಹಾಕಿದೆ: ಒಂದು 1930ರ ದಶಕದ್ದು, ತೆಳ್ಳನೆಯ ದನಿ, ಇನ್ನೊಂದು ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ್ದು, ಗಂಡುದನಿಯಷ್ಟು ಗಟ್ಟಿ. "ಇಬ್ಬರೂ ಒಬ್ಬರೇನಾ?" ಎಂದು ಕೇಳಿದವರು ಪುಣೆಯ ಸಹೋದ್ಯೋಗಿ. ತಿಂಗಳುಗಟ್ಟಲೆ ಕ್ಯಾಮೆರಾ ಹಾಕದಿದ್ದವರು ಅಂದು ಹಾಕಿದರು! ಅವರ ಅಜ್ಜಿ ಪುಣೆಯ ಸವಾಯಿ ಗಂಧರ್ವ ಸಂಗೀತ ಮಹೋತ್ಸವಕ್ಕೆ ಕರೆದೊಯ್ದು ರಾತ್ರಿಯೆಲ್ಲ ಕೂರಿಸುತ್ತಿದ್ದರಂತೆ. ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು, ಗಂಗೂಬಾಯಿಯವರಿಗೂ ಭೀಮಸೇನ ಜೋಶಿಯವರಿಗೂ ಗುರುಗಳು ಎಂದೆ. ಹದಿನೈದು ನಿಮಿಷದ ಕರೆ ಮುಗಿಯುವಾಗ ಗಂಟೆ ದಾಟಿತ್ತು.

ಹಾಗಾಗಿ ನನ್ನ ಮತ ಮೂರನೆಯದಕ್ಕೇ, ಒಂದು ತಿದ್ದುಪಡಿಯೊಂದಿಗೆ. ವಾರಕ್ಕೆ ಒಬ್ಬರೇ, ಒಂದೋ ಎರಡೋ ಹಾಡು. ಯಾಕೆ ಇಷ್ಟವೆಂದು ಎರಡು ಸಾಲು ಬರೆದು, ಯೂಟ್ಯೂಬ್ ಲಿಂಕನ್ನು ಬುಧವಾರವೇ ಕಳಿಸಬೇಕು. ಅವಸರವಿದ್ದವರು ಮೊದಲೇ ಕೇಳಿಕೊಂಡು ಮಾತಿಗಷ್ಟೇ ಬರಬಹುದು. ಮುಂದಿನ ಸರದಿ ಕೊಚ್ಚಿಯವರದು. ಕೇರಳದ ದೇವಾಲಯಗಳ ಸೋಪಾನ ಸಂಗೀತ ತರುತ್ತಾರಂತೆ. ಅದರ ಜೊತೆಗೆ ನುಡಿಸುವ ಪುಟ್ಟ ಚರ್ಮವಾದ್ಯ ಇಡಕ್ಕದ ನುಡಿತ ಈ ಕರೆಯಲ್ಲಿ ಹೇಗೆ ಕೇಳಿಸುತ್ತದೋ ನೋಡಬೇಕು.