‘ಒಳಗೆಲ್ಲಾ ಹೊಸ ಕಂಡೆನ್ಸರ್’ ಅಂದರೆ ಸೆಟ್ ತಿರುಗಿಸಿ ಅಡಿ ತೋರಿಸಲು ಹೇಳಿ

ಹಳೇ ಹ್ಯಾಮ್ ಸೆಟ್ (ಹವ್ಯಾಸಿಗಳು ದೂರದವರ ಜೊತೆ ಮಾತಾಡುವ ರೇಡಿಯೋ) ಕೊಳ್ಳುವ ಆಸೆ ಇರುವವರು ಇದನ್ನು ಓದಿ. ಅದರಲ್ಲೂ ಕುಂಬಳೆ, ಉಪ್ಪಳ, ಮಂಜೇಶ್ವರದ ಹಾಗೆ ಸಮುದ್ರದ ಗಾಳಿ ಬೀಸುವ ಕಡೆ ಇರುವವರು ಇನ್ನೂ ಗಮನ ಕೊಟ್ಟು ಓದಿ. ‘ಫುಲ್ ಸರ್ವಿಸ್ ಆಗಿದೆ, ಕಂಡೆನ್ಸರ್ (ಕೆಪಾಸಿಟರ್) ಎಲ್ಲಾ ಬದಲಿಸಿದೆ’ ಎಂಬ ಮಾತನ್ನು ಕಣ್ಣಾರೆ ನೋಡದೆ ನಂಬಬೇಡಿ.

ನಾನು ತಗೊಂಡದ್ದು ಕೆನ್‌ವುಡ್ ಟಿಎಸ್-520. 1970ರ ದಶಕದ ಜಪಾನ್ ಸೆಟ್. ಸೆಟ್ಟಿನ ಬಗ್ಗೆ ನನಗೆ ದೂರಿಲ್ಲ. ಇಷ್ಟು ವರ್ಷ ಕಳೆದೂ ಮಾತಾಡುತ್ತದೆ ಅಂದ್ರೆ ಮಾಡಿದವರಿಗೆ ಕೈ ಮುಗಿಯಬೇಕು. ನನ್ನ ದೂರು ಅದನ್ನು ‘ರಿಪೇರಿ’ ಮಾಡಿ ಮಾರಿದವರ ಮೇಲೆ. ಹೆಸರು, ಊರು ಬರೆಯುವುದಿಲ್ಲ.

ಅವರ ಮನೆಗೆ ಹೋದಾಗ ಸೆಟ್ ಆಗಲೇ ಆನ್ ಇತ್ತು, ಮುಟ್ಟಿದರೆ ಬಿಸಿ. ಮುಂಭಾಗ ಫಳಫಳ ಹೊಳೆಯುತ್ತಿತ್ತು. 40 ಮೀಟರ್ ಬ್ಯಾಂಡಿನಲ್ಲಿ ಸ್ಟೇಷನ್‌ಗಳು ಚೆಂದ ಕೇಳುತ್ತಿದ್ದವು. “ಮಾಷ್ಟ್ರೇ, ಒಳಗೆ ಎಲ್ಲಾ ಹೊಸತು. ಇನ್ನು ನೀವು ಮುಚ್ಚಳ ತೆಗೆಯುವ ಕೆಲಸವೇ ಇಲ್ಲ. ವಾಲ್ವ್ ಸೆಟ್ಟಿನ ಸಿಹಿ ಸ್ವರ ನೋಡಿ!” ಅಂದರು. ಟ್ರಾನ್ಸ್‌ಮಿಟ್ ಮಾಡಿ ತೋರಿಸಿ ಅಂದೆ. ಡಮ್ಮಿ ಲೋಡ್ (ಪರೀಕ್ಷೆಗೆ ಆಂಟೆನಾ ಬದಲು ಹಾಕುವ ಸಾಧನ) ಯಾರೋ ತಗೊಂಡು ಹೋಗಿದ್ದಾರಂತೆ, ಆಂಟೆನಾ ಹೊಂದಾಣಿಕೆ ಸರಿ ಇಲ್ಲವಂತೆ.

ಆ ಸಿಹಿ ಸ್ವರದ ಕಥೆ ಇಲ್ಲೇ ಹೇಳಿಬಿಡುತ್ತೇನೆ. ಈ ಸೆಟ್ಟಿನಲ್ಲಿ ವಾಲ್ವ್ (ಹಳೇ ರೇಡಿಯೋಗಳ ಗಾಜಿನ ಟ್ಯೂಬ್) ಇರುವುದು ಟ್ರಾನ್ಸ್‌ಮಿಟರಿನ ಕೊನೆಯ ಎರಡು ಹಂತದಲ್ಲಿ ಮಾತ್ರ. ಸಿಗ್ನಲ್ ಬಲಪಡಿಸಿ ಮುಂದೆ ತಳ್ಳುವ ಡ್ರೈವರ್ ಆಗಿ ಒಂದು 12ಬಿವೈ7ಎ, ಆಂಟೆನಾಕ್ಕೆ ಪವರ್ ಕೊಡುವ ಫೈನಲ್ ಆಗಿ 6146 ಜಾತಿಯ ಎರಡು. ನಮಗೆ ಸ್ಪೀಕರಿನಲ್ಲಿ ಕೇಳುವುದೆಲ್ಲ ಟ್ರಾನ್ಸಿಸ್ಟರ್ ಕೆಲಸ. ವಾಲ್ವ್ ಸ್ವರ ಅಂತ ಇದನ್ನು ಹೊಗಳಿ ಮಾರುವವರಿಗೆ ಒಂದೋ ಸೆಟ್ ಗೊತ್ತಿಲ್ಲ, ಇಲ್ಲದಿದ್ದರೆ ಕೊಳ್ಳುವವನಿಗೆ ಗೊತ್ತಿಲ್ಲ ಅನ್ನೋ ಲೆಕ್ಕ.

ಮನೆಗೆ ತಂದ ಮೇಲೆ ನಿಜಬಣ್ಣ ಹೊರಬಿತ್ತು. ಮಳೆಗಾಲದ ಬೆಳಿಗ್ಗೆ ತಣ್ಣಗಿನ ಸೆಟ್ ಆನ್ ಮಾಡಿದರೆ ಸ್ಪೀಕರಿನಲ್ಲಿ ಗುಂಯ್ ಅಂತ ಹಮ್. ವಾಲ್ಯೂಮ್ ಪೂರ್ತಿ ಇಳಿಸಿದರೂ ಹೋಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಕಡಿಮೆಯಾಗುತ್ತದೆ. ಇದು ಒಣಗಿದ ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಲಕ್ಷಣ. ಒಳಗಿನ ದ್ರವ ವರ್ಷ ಕಳೆದ ಹಾಗೆ ಆರುತ್ತದೆ. ಆಗ 50 ಹರ್ಟ್ಸ್ ಕರೆಂಟನ್ನು ಡಿಸಿ ಮಾಡುವಾಗ ಉಳಿಯುವ 100 ಹರ್ಟ್ಸ್ ಅಲೆಯನ್ನು ನುಂಗುವ ಶಕ್ತಿ ಅದಕ್ಕಿರುವುದಿಲ್ಲ. ಬಿಸಿಯಾದರೆ ಉಳಿದ ದ್ರವ ಸ್ವಲ್ಪ ಚುರುಕಾಗಿ ಹಮ್ ಇಳಿಯುತ್ತದೆ. ನಾವು ಹೋಗುವ ಮೊದಲೇ ಸೆಟ್ ಕಾಯಿಸಿ ಇಟ್ಟದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಎರಡನೇ ಕಾಯಿಲೆ ಇದಕ್ಕೆ ಉಲ್ಟಾ. ತಣ್ಣಗಿರುವಾಗ ಸುಮ್ನೆ ಇರುತ್ತದೆ, ಬಿಸಿಯಾದರೆ ಏಳುತ್ತದೆ. ಪುತ್ತೂರು ಕಡೆಯ ಹಿರಿಯ ಹ್ಯಾಮ್ ಒಬ್ಬರು ರೇಡಿಯೋದಲ್ಲೇ ಹೇಳಿದರು: “ಮಾಷ್ಟ್ರೇ, ಸಿಗ್ನಲ್ 59, ಜೋರಾಗಿ ಸ್ಪಷ್ಟ ಉಂಟು. ಆದರೆ ಸ್ವರ ಮಡಕೆಯೊಳಗೆ ಬಾಯಿ ಇಟ್ಟು ಮಾತಾಡಿದ ಹಾಗೆ. ಮಾತಾಡ್ತಾ ಮಾತಾಡ್ತಾ ಒಡೀತದೆ.” ಮೀಟರನ್ನು ಐಪಿಗೆ (ಪ್ಲೇಟ್ ಕರೆಂಟ್) ತಿರುಗಿಸಿ, ಮೈಕ್ ಮುಟ್ಟದೆ ಟ್ರಾನ್ಸ್‌ಮಿಟ್ ಮಾಡುವ ಸೆಂಡ್ ಸ್ವಿಚ್ ಹಾಕಿ ನೋಡಿದೆ. ಸುಮ್ಮನಿರುವಾಗ ಫೈನಲ್ ವಾಲ್ವ್‌ಗಳ ಕರೆಂಟ್ 60 ಮಿಲಿಆಂಪ್ ಹತ್ತಿರ ನಿಲ್ಲಬೇಕು. ಮೊದಲು ಅಲ್ಲೇ ಇತ್ತು. ಆಮೇಲೆ ಮುಳ್ಳು ಯಾರೂ ಮುಟ್ಟದೆ ಮೆಲ್ಲ ಮೆಲ್ಲ ಏರತೊಡಗಿತು. 80, 100, ಇನ್ನೂ ಮೇಲೆ. ಜಾಲರಿ ಮುಚ್ಚಳದ ತೂತಿನಿಂದ ಇಣುಕಿದರೆ ಒಂದು ವಾಲ್ವಿನ ಪ್ಲೇಟ್ (ಒಳಗಿನ ಲೋಹದ ತಗಡು) ನಡುವೆ ಕಾದ ಕೆಂಪು ಕಲೆ. ತಕ್ಷಣ ಆಫ್ ಮಾಡಿದೆ.

ಕಾಸರಗೋಡು ಪೇಟೆಯಲ್ಲಿ ವಾಲ್ವ್ ರೇಡಿಯೋ ಕಾಲದಿಂದ ಕೂತಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಸೆಟ್ ಮಗುಚಿ ಹಾಕಿ, ಒಮ್ಮೆ ನೋಡಿ, ನಕ್ಕರು. ಮೇಲಿನಿಂದ ಕಾಣುವ ದೊಡ್ಡ ಕಂಡೆನ್ಸರ್‌ಗಳು ಹೊಸತು. ಅಡಿಯಲ್ಲಿ, ಬೋರ್ಡ್‌ಗಳಲ್ಲಿ ಇರುವ ಸಣ್ಣವೆಲ್ಲ ಹುಟ್ಟಿದಾಗಿನವು. ಹಮ್ ಬಂದದ್ದು ಇವುಗಳಿಂದ. ಕೆಲವುದರ ಬುಡದಲ್ಲಿ ಕಂದು ಅಂಟು, ಪಕ್ಕದ ತಾಮ್ರದ ಗೆರೆಯಲ್ಲಿ ಹಸಿರು ಕಿಲುಬು. ರಿಸೀವ್, ಟ್ರಾನ್ಸ್‌ಮಿಟ್ ಬದಲಿಸುವ ರಿಲೇಯ ಪಾಯಿಂಟ್ ಕಪ್ಪಾಗಿತ್ತು. ಡ್ರೈವರಿನಿಂದ ಫೈನಲ್ ವಾಲ್ವಿನ ಗ್ರಿಡ್‌ಗೆ (ಕರೆಂಟ್ ಹತೋಟಿಯಲ್ಲಿಡುವ ಭಾಗ) ಹೋಗುವ ಕಪ್ಲಿಂಗ್ ಕಂಡೆನ್ಸರ್ ಕೂಡ ಹಳೇದೇ. ಕೆಂಪು ಕಲೆಗೆ ಕಾರಣ ಅದು. ಡ್ರೈವರ್ ಪ್ಲೇಟಿನ ಪಾಸಿಟಿವ್ ವೋಲ್ಟೇಜನ್ನು ಅದು ತಡೆಯಬೇಕು. ಹಳತಾಗಿ ಲೀಕ್ ಆದರೆ ಸ್ವಲ್ಪ ವೋಲ್ಟೇಜ್ ಗ್ರಿಡ್‌ಗೆ ಇಳಿದು ವಾಲ್ವಿನ ಕರೆಂಟನ್ನು ಮಿತಿಯಲ್ಲಿಡುವ ನೆಗೆಟಿವ್ ಬಯಾಸ್ ವೋಲ್ಟೇಜನ್ನು ತಿನ್ನುತ್ತದೆ. ಸ್ವರ ಒಡೆಯುತ್ತದೆ, ವಾಲ್ವ್ ಸುಡುತ್ತದೆ. ಕಂಡೆನ್ಸರಿನ ಬೆಲೆ ಕೆಲವೇ ರೂಪಾಯಿ. ಒಳ್ಳೇ ಫೈನಲ್ ವಾಲ್ವ್ ಹುಡುಕಲು ಹೋಗಿ ನೋಡಿ, ಆಗ ಗೊತ್ತಾಗುತ್ತದೆ.

ಹಾಗಾಗಿ ಕೊಳ್ಳುವ ಮೊದಲು ಸೆಟ್ ತಣ್ಣಗೆ ಇಟ್ಟಿರಲು ಫೋನಿನಲ್ಲೇ ಹೇಳಿ. ನಿಮ್ಮೆದುರು ಆನ್ ಮಾಡಿಸಿ. ಡಮ್ಮಿ ಲೋಡ್ ನೀವೇ ಹೊತ್ತುಕೊಂಡು ಹೋಗಿ. ಅರ್ಧ ಗಂಟೆ ಕಾದು ಐಪಿ ಮುಳ್ಳು ಮತ್ತೆ ನೋಡಿ. ತೆಗೆದ ಹಳೇ ಕಂಡೆನ್ಸರ್‌ಗಳನ್ನು ತೋರಿಸಿ ಅಂತ ಕೇಳುವುದು ಇದಕ್ಕಿಂತಲೂ ಒಳ್ಳೇ ಪರೀಕ್ಷೆ. ನಿಜವಾಗಿ ಬದಲಿಸಿದ ಮೆಕ್ಯಾನಿಕ್ ಹತ್ತಿರ ಅವು ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಇರುತ್ತವೆ. ಇನ್ನು, ಟ್ರಾನ್ಸ್‌ಮಿಟ್ ಸ್ವರ ಹೇಗಿದೆ ಅಂತ ಆ ಸೆಟ್ಟಿನ ಸ್ಪೀಕರ್ ಹೇಳುವುದಿಲ್ಲ. ಇನ್ನೊಂದು ರಿಸೀವರಿನಲ್ಲಿ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಗೆಳೆಯರೊಬ್ಬರಿಗೆ ಹೇಳಿ.

ಸ್ವರ ತೆಳು ಅನ್ನಿಸಿದ್ದೆಲ್ಲ ಕೆಟ್ಟದ್ದಲ್ಲ. ಹ್ಯಾಮ್‌ಗಳು ಮಾತಿಗೆ ಬಳಸುವ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ವಿಧಾನದ ಫಿಲ್ಟರ್ ಬಿಡುವುದೇ 2.4 ಕಿಲೋಹರ್ಟ್ಸ್ ಅಗಲ. ಆಕಾಶವಾಣಿ ಎಫ್‌ಎಂ ಸ್ವರ ಅದರಲ್ಲಿ ಬರುವುದಿಲ್ಲ.

ಒಂದು ಮಾತ್ರ ತಮಾಷೆ ಅಲ್ಲ. ಇದರಲ್ಲಿ ಸುಮಾರು 800 ವೋಲ್ಟ್ ಇದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಅಭ್ಯಾಸ ಇಲ್ಲದವರು ಮುಚ್ಚಳ ತೆಗೆದು ಕೈ ಹಾಕಬೇಡಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟನ್ನು ನೇರ 230 ವೋಲ್ಟಿಗೆ ಚುಚ್ಚಬೇಡಿ. ವಾಲ್ವ್ ಕಾಯಿಸುವ ಹೀಟರ್ ಸ್ವಿಚ್ ಆಫ್ ಇಟ್ಟು, ಹಳೇ ಕಾಲದ 100 ವಾಟ್ ಬಲ್ಬ್ ಸೀರೀಸ್ ಹಾಕಿ ಮೊದಲ ಸಲ ಕೊಡಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ.

ಮಾರಿದವರಿಗೆ ಫೋನ್ ಮಾಡಿ, ಅಡಿಯ ಫೋಟೊಗಳನ್ನೂ ಕಳಿಸಿದೆ. “ನಿಮ್ಮ ಕಡೆ ಮಳೆ ಜಾಸ್ತಿ ಅಲ್ವಾ ಮಾಷ್ಟ್ರೇ, ಅದಕ್ಕೇ ಹಾಗೆ” ಅಂದರು. ಹಣದ ಮಾತೆತ್ತಿದ ಮೇಲೆ ಫೋನ್ ಎತ್ತುವುದಿಲ್ಲ. ಈಗ ಅವರ ಹತ್ತಿರ ಇನ್ನೊಂದು ಸೆಟ್ ಮಾರಾಟಕ್ಕಿದೆ. ಅದಕ್ಕೂ ಒಳಗೆಲ್ಲಾ ಹೊಸ ಕಂಡೆನ್ಸರ್ ಅಂತೆ.