ಅನುದಾನದ ಲೆಕ್ಕಕ್ಕೆ ಯಾವುದು ಆದೀತು: ಕ್ಯಾಶ್ ಬುಕ್ಕೋ, ಟ್ಯಾಲಿಯೋ, ಎಕ್ಸೆಲ್ಲೋ?

ಶಿರಸಿ, ಸಿದ್ದಾಪುರ ಕಡೆಯ ಸಣ್ಣ ಯಕ್ಷಗಾನ ಮಂಡಳಿಗಳಿಗೆ ಸರ್ಕಾರಿ ಅನುದಾನದ ಲೆಕ್ಕವನ್ನು ಆಡಿಟ್‌ಗೆ ಸಿದ್ಧ ಮಾಡಿಕೊಡುವುದು ನನ್ನ ಬಿಡುವಿನ ಕೆಲಸ. ಕೈಬರಹದ ಕ್ಯಾಶ್ ಬುಕ್, ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್, ಎಕ್ಸೆಲ್ ಮೂರರಲ್ಲೂ ಬರೆದು ನೋಡಿದ್ದೇನೆ.

ಟ್ಯಾಲಿ ಮಾತು ಮೊದಲೇ ಮುಗಿಸುತ್ತೇನೆ. ಬ್ಯಾಲೆನ್ಸ್ ಶೀಟ್ ತಾನೇ ತೆಗೆದುಕೊಡುತ್ತದೆ, ನಿಜ. ಆದರೆ ಅದು ಬರುವವರು ಮಂಡಳಿಯಲ್ಲಿ ಒಬ್ಬರೇ ಇರುತ್ತಾರೆ. ಅವರು ಬೆಂಗಳೂರು ಸೇರಿದರೆ ಲೆಕ್ಕ ನಿಂತಿತು. ವರ್ಷಕ್ಕೆ ನಾಲ್ಕಾರು ಆಟ ಆಡುವವರಿಗೆ ಇದು ದುಡ್ಡು ದಂಡ.

ಕ್ಯಾಶ್ ಬುಕ್ ಹಾಗಲ್ಲ. ಆಟ ಮುಗಿದು ಭಾಗವತರಿಗೆ, ಮದ್ದಳೆ, ಚಂಡೆಯವರಿಗೆ ಸಂಭಾವನೆ ಕೊಡುವಾಗ ಚೌಕಿಯಲ್ಲೇ (ವೇಷ ಕಟ್ಟುವ ಜಾಗದಲ್ಲೇ) ಬರೆದು ಸಹಿ ತಗೊಳ್ಳಬಹುದು. 5,000 ರೂಪಾಯಿ ದಾಟಿದ ನಗದು ರಶೀದಿಗೆ 1 ರೂಪಾಯಿಯ ರೆವೆನ್ಯೂ ಸ್ಟಾಂಪನ್ನೂ ಅಲ್ಲೇ ಹಚ್ಚಿಬಿಡಬಹುದು. ಮಳೆಗಾಲದಲ್ಲಿ ಕರೆಂಟ್ ಹೋದರೂ ಚಿಂತೆಯಿಲ್ಲ. ತೊಂದರೆ ಶುರುವಾಗುವುದು ಒಂದೇ ವರ್ಷ ಎರಡು ಕಡೆಯಿಂದ ಅನುದಾನ ಬಂದಾಗ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು, ಕೇಂದ್ರ ಸಂಸ್ಕೃತಿ ಸಚಿವಾಲಯದ್ದು ಒಂದೇ ಪುಟದಲ್ಲಿ ಕಲಸಿಹೋಗುತ್ತವೆ. ಮೈಕ್ ಬಾಡಿಗೆ ಯಾವುದರಿಂದ ಕೊಟ್ಟಿದ್ದು? ಹಣ ಬಳಕೆ ಪ್ರಮಾಣಪತ್ರ ಬರೆಯುವ ಹೊತ್ತಿಗೆ ಪುಟ ಪುಟ ತಿರುವಬೇಕು.

ಇಲ್ಲಿ ಎಕ್ಸೆಲ್ ಮುಂದೆ. ಒಂದೊಂದು ಅನುದಾನಕ್ಕೆ ಒಂದೊಂದು ಕಾಲಂ, ಬ್ಯಾಂಕ್ ಬಡ್ಡಿಗೆ ಬೇರೆ. ಚೂರುಪಾರು ಬಡ್ಡಿ ಅಲ್ವಾ ಅಂತ ಸುಮ್ನೆ ಬಿಡುವವರೇ ಜಾಸ್ತಿ. ಆದರೆ ಕೇಂದ್ರದ ಅನುದಾನದ ಮೇಲೆ ಬಂದ ಬಡ್ಡಿಯನ್ನು 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಪ್ರಮಾಣಪತ್ರದ 12-ಎ ನಮೂನೆಯಲ್ಲಿ ಅದಕ್ಕೆಂದೇ ಕಾಲಂ ಇದೆ. ಖಾಲಿ ಬಿಟ್ಟರೆ ಆಕ್ಷೇಪಣೆ ಬರುತ್ತದೆ.

ಹಾಗಂತ ಎಕ್ಸೆಲ್ ಒಂದನ್ನೇ ನಾನು ನಂಬುವುದಿಲ್ಲ. ಹಳೆಯ ಮೊತ್ತವನ್ನು ಯಾರು, ಯಾವಾಗ ಬದಲಿಸಿದರು ಅನ್ನುವುದು ಹಾಳೆಯ ಮೇಲೆ ಕಾಣದು. ಪುಸ್ತಕದಲ್ಲಾದರೆ ಹೊಡೆದುಹಾಕಿದ ಗೆರೆ ಇರುತ್ತದೆ, ಪಕ್ಕದಲ್ಲಿ ಸಹಿ ಇರುತ್ತದೆ.

ಆದ್ದರಿಂದ ಮಂಡಳಿಗಳಿಗೆ ಈಗ ಹೇಳುವುದು ಇಷ್ಟು: ಬರೆಯುವುದು ಕ್ಯಾಶ್ ಬುಕ್ಕಿನಲ್ಲಿ, ತಿಂಗಳ ಕೊನೆಗೆ ಎಕ್ಸೆಲ್‌ಗೆ ಏರಿಸುವುದು. ಪುಸ್ತಕದ ವೋಚರ್ ನಂಬರೇ ಎಕ್ಸೆಲ್‌ನಲ್ಲೂ ಇರಲಿ, ಬಿಲ್ಲಿನ ಮೂಲೆಯಲ್ಲೂ ಇರಲಿ. ಮಂಜೂರಾತಿ ಆದೇಶದ ಪ್ರತಿ ಫೈಲಿನ ಮೊದಲ ಹಾಳೆ. ಪೆಟ್ರೋಲ್ ಬಂಕಿನ ನುಣುಪು ಕಾಗದದ ಬಿಲ್ ಬೇಗ ಮಾಸುತ್ತದೆ, ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿ ಎರಡನ್ನೂ ಸೇರಿಸಿ ಪಿನ್ ಹೊಡೆಯಿರಿ.