ಎರಡು ಗ್ರೀಕ್‌ಟೌನ್‌ಗಳು: ಶಿಕಾಗೊ ಮತ್ತು ಟೊರಾಂಟೊ
ಗ್ರೀಕ್ ವಲಸಿಗರು ಕಟ್ಟಿಕೊಂಡ ಈ ಎರಡು ಬಡಾವಣೆಗಳಲ್ಲಿ ಒಂದನ್ನಷ್ಟೇ ನೋಡಲು ಬಿಡುವಿರುವವರು, ತಮಗೆ ಬೇಕಾದುದು ಇತಿಹಾಸವೋ ಬೀದಿಯ ಓಡಾಟವೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

ಶಿಕಾಗೊದ ಹಳೆಯ ಗ್ರೀಕ್ ಬಡಾವಣೆಯ ಬಹುಪಾಲು ಹೆದ್ದಾರಿಗೂ 1960ರ ದಶಕದಲ್ಲಿ ಎದ್ದ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡಗಳಿಗೂ ಬಲಿಯಾದ ಮೇಲೆ, ಹೋಟೆಲುಗಳು ತುಸು ಉತ್ತರಕ್ಕೆ ಸರಿದು ಹಾಲ್‌ಸ್ಟೆಡ್ ಬೀದಿಯಲ್ಲಿ ನೆಲೆಯೂರಿದವು. ಹುರಿದ ಚೀಸ್‌ಗೆ ಮೇಜಿನ ಬಳಿಯೇ ಬೆಂಕಿ ಹಚ್ಚಿ ‘ಓಪಾ’ ಎಂದು ಕೂಗುವ ಸಗನಾಕಿಯ ಪದ್ಧತಿ ಇಲ್ಲಿಯ ಪಾರ್ಥೆನಾನ್ ಹೋಟೆಲಿನದೆಂದು ಪ್ರತೀತಿ. 1968ರಲ್ಲಿ ತೆರೆದ ಆ ಹೋಟೆಲು 2016ರಲ್ಲಿ ಮುಚ್ಚಿತು. ಹೋಟೆಲುಗಳ ಸಂಖ್ಯೆ ಇಳಿದಿದ್ದರೂ, ಇದೇ ಬೀದಿಯಲ್ಲಿರುವ, ಗ್ರೀಕ್ ಅಮೆರಿಕನ್ನರ ಇತಿಹಾಸ ಹೇಳುವ ನ್ಯಾಷನಲ್ ಹೆಲೆನಿಕ್ ಮ್ಯೂಸಿಯಂ ಒಂದೇ, ನನ್ನ ದೃಷ್ಟಿಯಲ್ಲಿ, ಶಿಕಾಗೊವನ್ನು ಆರಿಸಲು ಸಾಕಾದ ಕಾರಣ.

ಟೊರಾಂಟೊದ ಡ್ಯಾನ್‌ಫೋರ್ತ್ ರಸ್ತೆಯಲ್ಲಿ ಅಂಥ ವಸ್ತುಸಂಗ್ರಹಾಲಯವಿಲ್ಲ. ಆದರೆ ಚೆಸ್ಟರ್ ಅಥವಾ ಪೇಪ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಗ್ರೀಕ್ ಲಿಪಿಯ ಬೀದಿಫಲಕಗಳು, ಬೇಕರಿಗಳು, ಅಲೆಕ್ಸಾಂಡರನ ಪ್ರತಿಮೆಯಿರುವ ಪುಟ್ಟ ಚೌಕ ಎಲ್ಲವೂ ನಡಿಗೆಯ ದೂರದಲ್ಲಿವೆ. 1994ರಲ್ಲಿ ಆರಂಭವಾದ ಆಗಸ್ಟ್ ತಿಂಗಳ ಆಹಾರೋತ್ಸವ ಕೆಲವು ವರ್ಷ ನಡೆದಿಲ್ಲವಾದ್ದರಿಂದ, ಅದನ್ನೇ ನಂಬಿ ಟಿಕೆಟ್ ಕಾಯ್ದಿರಿಸುವುದು ಬೇಡ.

ಸಸ್ಯಾಹಾರಿಗಳಿಗೆ ಎರಡೂ ಕಡೆ ಪಾಲಕ್ ತುಂಬಿದ ಸ್ಪನಕೋಪಿತಾ ಸಿಗುತ್ತದೆ. ದ್ರಾಕ್ಷಿ ಎಲೆಯ ಡೋಲ್ಮಾದೆಸ್‌ನಲ್ಲಿ ಮಾತ್ರ ಕೈಮಾ ಇರಬಹುದಾದ್ದರಿಂದ ಕೇಳಿಯೇ ತರಿಸಿಕೊಳ್ಳಬೇಕು.